ಮಲಪ್ರಭೆಗೆ ಇಳಿಯುವ ಮೆಟ್ಟಿಲು

ಸಂಕ್ರಾಂತಿಗೆ ಸೀರೆ ಕೊಳ್ಳಲೆಂದು ಮೊನ್ನೆ ಶಿವಬಸವ ನಗರದ ಹೊಸ ಅಂಗಡಿಯೊಂದರ ಮೆಟ್ಟಿಲು ಹತ್ತುತ್ತಿದ್ದೆ. ಮಂಡಿ ಕಟಕ್ ಎಂದಿತು. ಎಂಥ ಎತ್ತರದ ಮೆಟ್ಟಿಲು ಅಂತೀರಿ! ಕಟ್ಟಿಸಿದವನನ್ನು ಮನಸಾರೆ ಬೈದೆ. ಮೆಟ್ಟಿಲ ವಿಷಯದಲ್ಲಿ ಬೈಯುವ ಹಕ್ಕು ನನಗಿದೆ.

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ ನನಗೆ ಖಾನಾಪುರದ ಮಲಪ್ರಭೆಯ ದಂಡೆಯಲ್ಲಿ ಹೊಸ ಘಾಟು, ಅಂದರೆ ಹೊಳೆಗೆ ಇಳಿಯುವ ಸ್ನಾನದ ಮೆಟ್ಟಿಲು, ಕಟ್ಟಿಸುವ ಕೆಲಸ ಸಿಕ್ಕಿತು. ಪೇಟೆಯಿಂದ ಹೊಳೆಗೆ ಒಂದೇ ನೇರ ದಾರಿ ಎಳೆದೆ. ನೀರು ಕಣ್ಣಿಗೆ ಬಿದ್ದರೆ ಕಾಲು ತಾನೇ ಅತ್ತ ಹೋಗುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ. ಪಾಪ, ಅವರೂ ತಲೆಯಾಡಿಸುತ್ತಿದ್ದರು. ಆದರೆ ಘಾಟು ಕಟ್ಟಿಸುತ್ತಿದ್ದ ಊರ ಸಮಿತಿಯ ಅಧ್ಯಕ್ಷರಿಗೆ ಆ ದಾರಿಯ ಕೊನೆಗೆ ಎತ್ತರದ ಕಟ್ಟೆ, ಅದರ ಮೇಲೆ ದೊಡ್ಡ ಕಮಾನು, ಆಚೆ ಕಡಿದಾದ ಮೆಟ್ಟಿಲು ಬೇಕಿತ್ತು. ಹಾಗಾದರೆ ನೀರು ಯಾರಿಗೆ ಕಾಣಬೇಕು? ಇಳಿಯುವವರು ಯಾರು?

ನನಗೆ ನೆನಪಾದವಳು ದೊಡ್ಡವ್ವ, ಅವ್ವನ ಅಕ್ಕ, ಖಾನಾಪುರದವಳು. ಸಂಕ್ರಾಂತಿಗೆ ಅರೆದ ಎಳ್ಳು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮುಳುಗಿ, ದಂಡೆಯಲ್ಲಿ ಕೂತು ಸಜ್ಜೆ ರೊಟ್ಟಿ ತಿನ್ನುವುದು ನಮ್ಮ ಕಡೆಯ ಪದ್ಧತಿ. ಮಂಡಿನೋವಿನಿಂದ ಅವಳಿಗೆ ಅದು ತಪ್ಪಿ ವರ್ಷಗಳಾಗಿದ್ದವು. ಸೊಸೆಯಂದಿರು ಕೊಡದಲ್ಲಿ ಹೊಳೆನೀರು ತಂದರೆ ಮುಖ ತಿರುಗಿಸುತ್ತಿದ್ದಳು.

"ಹೊಳಿ ಕೊಡದಾಗ ಬರತೈತೇನ? ನಾನಽ ಹೋಗಬೇಕು."

ಅವಳ ಅಂಗಳದಲ್ಲೇ ಇಟ್ಟಿಗೆ ಜೋಡಿಸಿ ಮೆಟ್ಟಿಲು ಮಾಡಿದೆ. ಅವಳು ಗೋಡೆ ಹಿಡಿದು ಹತ್ತಿ ಇಳಿಯುತ್ತಿದ್ದಳು, ನಾನು ಎತ್ತರ ತಗ್ಗಿಸುತ್ತಿದ್ದೆ. ಅವಳ ಕೈ ಗೋಡೆ ಬಿಟ್ಟಾಗ ನಿಲ್ಲಿಸಿದೆ. ಘಾಟಿಗೆ ಅದೇ ಅಳತೆ ಎಂದು ನಿರ್ಧರಿಸಿದೆ. ಬಾಜುವಿಗೆ ಅಧ್ಯಕ್ಷರು ಹೇಳಿದ ಎತ್ತರದ ಮೆಟ್ಟಿಲನ್ನೂ ಜೋಡಿಸಿ, ಸಮಿತಿಯವರನ್ನು ಚಹಾಕ್ಕೆ ಕರೆದೆ. ತುಂಬಿದ ಕೊಡವೊಂದನ್ನು ಅಧ್ಯಕ್ಷರಿಗೆ ಕೊಟ್ಟು, ಇದನ್ನು ಹೊತ್ತು ನಿಮ್ಮ ಮೆಟ್ಟಿಲು ಹತ್ತಿ ನೋಡಿರೆಂದೆ. ಅರ್ಧ ನೀರು ಅವರ ಧೋತರದ ಮೇಲಾಯಿತು. ಮೊದಲು ನಕ್ಕವರೂ ಅವರೇ, ಆ ದೊಡ್ಡತನ ಒಪ್ಪಬೇಕು.

"ಕಮಾನು ಬಾಜೂಕ ಇಡೂಣು ತಗೋರಿ, ಅಕ್ಕಾರ."

ಘಾಟು ಮುಗಿದ ಮೇಲಿನ ಮೊದಲ ಸಂಕ್ರಾಂತಿಗೆ ದೊಡ್ಡವ್ವ ಪೇಟೆಯಿಂದಲೇ ಹೊಳೆಯ ನೀರು ಕಂಡಳು. ಕಂಡವಳೇ ನಮ್ಮನ್ನೆಲ್ಲ ಹಿಂದೆ ಬಿಟ್ಟು ನಡೆದಳು. ಮೆಟ್ಟಿಲ ಮೇಲೆ ನಾನು ಕೈ ಹಿಡಿದರೆ ಗದರಿದಳು.

"ಕೈ ಬಿಡು. ನಾನಽ ಇಳಿತೀನಿ."

ಸೊಂಟಮಟ್ಟ ನೀರಿನಲ್ಲಿ ನಿಂತು ಅತ್ತಳು. ದಂಡೆಯಲ್ಲಿ ನಾನೂ ಅತ್ತೆ, ಸಂತೋಷಕ್ಕೆ.

ದೊಡ್ಡವ್ವ ಈಗಿಲ್ಲ. ಅಂಗಡಿಯ ಮೆಟ್ಟಿಲ ಸಿಟ್ಟಿನಲ್ಲೇ ಈ ಸಲದ ಸಂಕ್ರಾಂತಿಗೆ ಮಗಳನ್ನು ಕರೆದುಕೊಂಡು ಖಾನಾಪುರಕ್ಕೆ ಹೋದೆ. ಘಾಟಿನಲ್ಲಿ ಮಗಳು ನನ್ನ ಮಂಡಿ ನೋಡಿ ಕೈ ಹಿಡಿದಳು. ಈ ಮೆಟ್ಟಿಲು ದೊಡ್ಡವ್ವನಿಗೆಂದೇ ಕಟ್ಟಿಸಿದ್ದು ಎಂದು ಇಷ್ಟು ವರ್ಷ ನಂಬಿದ್ದೆ ನೋಡಿ.

"ಕೈ ಬಿಡು," ಅಂದೆ. "ನಾನಽ ಇಳಿತೀನಿ."