ಕಟ್ಟೆ ಇಲ್ಲದ ಬೀದಿ

ಪುಣೆಯ ಹಳೇ ಪೇಟೆಯೊಂದರಲ್ಲಿ ಮೋಟಾರು ಬಸ್ಸು ಓಡಾಡಲಿ ಎಂದು ರಸ್ತೆ ಅಗಲ ಮಾಡುತ್ತಿದ್ದರು. ಮನೆಗಳ ಮುಂದಿನ ಕಲ್ಲಿನ ಕಟ್ಟೆಗಳನ್ನೆಲ್ಲ ಆ ಕೆಲಸದ ಓವರ್‌ಸಿಯರ್ ಆಗಿದ್ದ ನಾನೇ ನಿಂತು ಒಡೆಸಿದೆ. ಆ ಬೀದಿಯ ಜನ ಟಾಂಗಾ ಬಂದರೆ ಸಾಕು, ಕಟ್ಟೆ ಹತ್ತಿ ನಿಂತು ದಾರಿ ಬಿಡುತ್ತಿದ್ದರು. ಅಲ್ಲಿ ಓಡಾಡಿ ನನಗೂ ಅದೇ ರೂಢಿಯಾಗಿತ್ತು.

ಮಾರನೇ ದಿನ ಸುಡುಬಿಸಿಲಿನಲ್ಲಿ ಸರಪಳಿ ಹಿಡಿದು ರಸ್ತೆ ಅಳೆಯುತ್ತಿದ್ದೆ. ಆಗಲೇ ಓಡತೊಡಗಿದ್ದ ಬಸ್ಸಿನ ಹಾರ್ನ್ ಕೇಳಿಸಿತು. ಬೀದಿಯಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು, ಒಟ್ಟಿಗೇ ಒಂದೊಂದು ಕಾಲನ್ನು ಮೊಣಕಾಲೆತ್ತರಕ್ಕೆ ಎತ್ತಿದರು. ಏನೂ ಇಲ್ಲದ ಗಾಳಿಯ ಮೇಲೆ ಹತ್ತಲು ಹೋದರು. ಮುದುಕರೊಬ್ಬರು ಮಾತ್ರ ಆಯ ತಪ್ಪಿ ಗಾಲಿಯ ಕಡೆ ವಾಲಿದರು.

“ಹುಷಾರ್ರಿ, ಅಜ್ಜಾರ!” ಎಂದು ತೋಳು ಹಿಡಿದೆಳೆದೆ. ಬಸ್ಸು ಅವರ ಧೋತರ ಸವರಿಕೊಂಡು ಹೋಯಿತು.

ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಕನ್ನಡ. ಅವರ ಮಾತು ಕೇಳಿದರೆ ಅವರೂ ನನ್ನಂತೆ ಬೆಳಗಾವಿ ಕಡೆಯವರೇ.

“ಕಟ್ಟಿ ಎಲ್ಲಿ ಹೋತೋ, ತಮ್ಮಾ?”

“ನಿನ್ನೆ ಒಡಿಸೇವ್ರಿ. ಮಂದಿಗೆ ತ್ರಾಸ ಆಗಬಾರದಂತ ರಸ್ತಾ ಅಗಲ ಮಾಡಾಕತ್ತೇವಿ.”

“ಯಾವ ಮಂದಿಗೆ?”

ಉತ್ತರ ಅಲ್ಲೇ ಬರೆದಿದೆಯೇನೋ ಎಂಬಂತೆ ಅಳತೆಯ ಪುಸ್ತಕ ತೆರೆದೆ. ಅಷ್ಟರಲ್ಲಿ ಬೆನ್ನ ಹಿಂದೆ ಮತ್ತೆ ಹಾರ್ನ್. ಬೀದಿಯ ಕಾಲುಗಳೆಲ್ಲ ಮೇಲೆದ್ದವು. ಕೆಳಗೆ ನೋಡಿದರೆ ನನ್ನ ಬಲಗಾಲೂ ಗಾಳಿಯಲ್ಲಿತ್ತು.

ಕಟ್ಟೆ ಒಡೆಸಿದವನು ನಾನೇ ಎಂಬ ಸುದ್ದಿ ಆ ಕಾಲಿಗಿನ್ನೂ ಮುಟ್ಟಿರಲಿಲ್ಲ.