ಉಪ್ಪು ಬೇಡವೆಂದ ರೆಫರಿ

ನನಗೊಂದು ಚಾಳಿಯಿದೆ. ಎಲ್ಲಾದರೂ ಆಟ ನಡೆಯುತ್ತಿದ್ದು ಸೀಟಿ ಕೇಳಿಸಿದರೆ ಸಾಕು, ಯಾರ ಮೇಲೆ ಊದಿದರು, ಯಾಕೆ ಊದಿದರು ಎಂದು ತಿಳಿಯುವ ಮೊದಲೇ ಎದ್ದು ನಿಂತು ‘ತಪ್ಪು’ ಎಂದುಬಿಡುತ್ತೇನೆ. ಮೊನ್ನೆ ಮೊಮ್ಮಗಳ ಶಾಲೆಯ ಮೈದಾನದಲ್ಲಿ ಹೀಗೇ ಆಯಿತು. ಊದಿದವನು ರೆಫರಿಯಲ್ಲ, ಗೇಟಿನಲ್ಲಿ ಸ್ಕೂಟರಿನವನೊಬ್ಬನನ್ನು ತಡೆಯುತ್ತಿದ್ದ ಕಾವಲುಗಾರ. ಮೊಮ್ಮಗಳು ಪಂಚೆ ಹಿಡಿದೆಳೆದು ಕೂರಿಸಿದಳು. ಕೂತೆ. ಆದರೂ ಆ ಕಾವಲುಗಾರ ಊದಿದ್ದು ತಪ್ಪೆಂದೇ ನನ್ನ ಅಭಿಪ್ರಾಯ.

ಈ ಚಾಳಿ ಅಂಟಿದ್ದು ಮಹಾರಾಜರ ಕಾಲದ ಮಧುಗಿರಿಯಲ್ಲಿ, ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ. ನಾನು ಕ್ಯಾಪ್ಟನ್. ನನ್ನಷ್ಟು ಎತ್ತರ ಜಿಗಿಯುವವರು ನಮ್ಮ ಬೆಟ್ಟದ ಕೋತಿಗಳಲ್ಲೂ ಇರಲಿಲ್ಲ ಎಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ, ಆದರೆ ಹೇಳಲು ಬೇರೆ ಯಾರೂ ಉಳಿದಿಲ್ಲ. ಕೆಮ್ಮಣ್ಣಿನ ನೆಲ, ಸುಣ್ಣದ ಪುಡಿಯ ಗೆರೆ, ಬರಿಗಾಲು. ಉಂಗುರವನ್ನು ಕಮ್ಮಾರ ಗಾಡಿಚಕ್ರದ ಹಳೇ ಪಟ್ಟಿಯಿಂದ ಬಡಿದಿದ್ದ. ಚರ್ಮದ ಚೆಂಡಿಗೆ ಹೊಟ್ಟೆಯ ಮೇಲೆ ಲೇಸು ಕಟ್ಟಿರುತ್ತಿತ್ತು. ಲೇಸಿನ ಕಡೆಯಿಂದ ನೆಲಕ್ಕೆ ಬಿದ್ದರೆ ಚೆಂಡು ಎತ್ತ ಹಾರುತ್ತದೆಂದು ಚೆಂಡಿಗೂ ತಿಳಿಯುತ್ತಿರಲಿಲ್ಲ. ಇಂಥ ಆಟದಲ್ಲಿ ನ್ಯಾಯ ಹೇಳುವುದು ಸುಲಭವೇ? ಆದರೆ ರೆಫರಿಗೆ ಕಣ್ಣು ಮಂಜಾಗಿದೆಯೆಂದು ನಮ್ಮ ಕಡೆ ಯಾರೂ ದೂರುತ್ತಿರಲಿಲ್ಲ. ನಮ್ಮ ಅನುಮಾನವೆಲ್ಲ ಅವನ ಹೊಟ್ಟೆಯ ಮೇಲೆ.

ಮಹಾರಾಜರ ವರ್ಧಂತಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹುಡುಗರು ಒಂದೂರಲ್ಲಿ ಸೇರಿ, ಗೆದ್ದವರಿಗೆ ಸಿಗುವ ಒಂದು ಬೆಳ್ಳಿ ಕಪ್ಪಿಗಾಗಿ ಆಡುತ್ತಿದ್ದೆವು. ಯಾವ ಎರಡು ಊರು ಆಡುತ್ತವೋ ಅವನ್ನು ಬಿಟ್ಟು ಮೂರನೆಯ ಊರಿನ ಡ್ರಿಲ್ ಮೇಷ್ಟ್ರು ಸೀಟಿ ಊದಬೇಕು. ಹೋಟೆಲು ಎಂಬುದು ಹೆಸರಿಗಷ್ಟೆ. ಹೀಗಾಗಿ ಮೇಷ್ಟ್ರ ಊಟ ಯಾರದೋ ಮನೆಯಿಂದ ಬರಬೇಕು. ಅಂಗಳದ ಸುತ್ತ ನಿಂತವರ ಮೊದಲ ಪ್ರಶ್ನೆ ತಂಡ ಹೆಂಗಿದೆ ಎಂದಲ್ಲ, “ಅಂಪೈರು ಯಾರ ಮನೇಲಿ ಉಂಡ್ರಂತೆ?” ಎಂದು. ಒಮ್ಮೆ ಕೊರಟಗೆರೆಯ ಮೇಷ್ಟ್ರೊಬ್ಬರಿಗೆ ನಮ್ಮವರು ಹೋಳಿಗೆ ಬಡಿಸಿದ್ದರು. ಮಧ್ಯಾಹ್ನ ಅವರಿಗೆ ನಮ್ಮ ತಪ್ಪೊಂದೂ ಕಾಣಲಿಲ್ಲ. ಎದುರು ಪಕ್ಷದವರು ಉಪ್ಪಿನ ಋಣವೆಂದು ಕೂಗಿದರು. ನನಗನ್ನಿಸಿದಂತೆ ಅದು ನಿದ್ದೆ.

ನಗಬೇಡಿ. ಉಪ್ಪು ಸಣ್ಣ ಪದಾರ್ಥವಲ್ಲ. ಪುರಾಣಗಳಲ್ಲಿ ಎಂತೆಂಥ ವೀರರು, ಸೋಲುವ ಪಕ್ಷವೆಂದು ತಿಳಿದೂ, ಉಂಡ ಮನೆಯೆಂಬ ಒಂದೇ ಕಾರಣಕ್ಕೆ ಅಲ್ಲಿ ನಿಂತು ಸತ್ತರು. ಪಾಳೇಗಾರರ ಕಾಲದಲ್ಲಿ ಸಿಪಾಯಿಗೆ ನಿಯತ್ತಿನ ಪಾಠವನ್ನು ಹೇಳುತ್ತಿದ್ದದ್ದೇ ಉಪ್ಪಿನ ಮೇಲೆ. ಅಂಥ ಸಾಮಾನನ್ನು ಒಬ್ಬ ಡ್ರಿಲ್ ಮೇಷ್ಟ್ರ ಸಾರಿಗೆ ಹಾಕಿ, ಮೇಲಿಂದ ನ್ಯಾಯ ಹೇಳೆಂದರೆ ಅವರಾದರೂ ಏನು ಮಾಡಿಯಾರು?

ಇದಕ್ಕೆ ಉಪಾಯ ಕಂಡುಹಿಡಿದವರು ಶಿರಾದ ಇಮಾಂ ಮೇಷ್ಟ್ರು. ಇನ್ನೂ ಚಿಕ್ಕ ವಯಸ್ಸು, ತೆಳ್ಳಗೆ, ಇಸ್ತ್ರಿ ಮಾಡಿದ ಖಾಕಿ ಚಡ್ಡಿ. ಹಿಂದಿನ ವರ್ಷ ಪಾವಗಡದಲ್ಲಿ ಇವರೊಂದು ತೀರ್ಪು ಕೊಟ್ಟಾಗ ಸೋತವರು ‘ಉಂಡ ಬಾಯಿ’ ಎಂದು ಊರ ತುಂಬ ಹಾಡಿಕೊಂಡು ತಿರುಗಿದ್ದರಂತೆ. ಆ ಮಾತು ಅವರಿಗೆ ಮುಳ್ಳಿನಂತೆ ಚುಚ್ಚಿತ್ತು. ಈ ಸಲ ಮಧುಗಿರಿಗೆ ಬಂದವರೇ ನಾಲ್ಕೂ ಊರಿನ ಹುಡುಗರನ್ನು ನಿಲ್ಲಿಸಿ ಹೇಳಿದರು: ನಾನು ಇಲ್ಲಿರುವಷ್ಟು ದಿನ ಯಾರ ಮನೆಯ ಉಪ್ಪನ್ನೂ ತಿನ್ನುವುದಿಲ್ಲ, ಊಟ ಬರಲಿ, ಉಪ್ಪು ಬೇಡ. ಉಪ್ಪು ತಿಂದೆನೆಂದು ಯಾರಾದರೂ ತೋರಿಸಿಕೊಟ್ಟರೆ ಈ ಸೀಟಿಯನ್ನು ಮತ್ತೆ ಬಾಯಿಗಿಡುವುದಿಲ್ಲ.

ಊಟದ ಪಾಳಿ ಬಂದದ್ದು ನಮ್ಮ ಮನೆಗೆ. ಹೆಡ್‌ಮಾಸ್ಟರು ಹೇಳಿಕಳಿಸಿದಾಗ ನಮ್ಮಜ್ಜಿ ಒಲೆಯ ಮುಂದೆಯೇ ಸಿಡುಕಿದಳು.

“ಬಂದ ನೆಂಟ್ರಿಗೆ ಪಥ್ಯದ ಊಟ ಇಕ್ಲೇನ್ಲಾ? ಆ ಮೇಷ್ಟ್ರಿಗೇನು ಜ್ವರವಾ?”

ಅಜ್ಜಿ ಬೇರೆ ಯಾವ ವಿಷಯಕ್ಕೂ ಸೋತವಳಲ್ಲ. ಆದರೆ ತನ್ನ ಕೈಯಡುಗೆ ಸಪ್ಪೆಯೆಂದು ಒಬ್ಬ ಪರವೂರಿನವನ ನಾಲಿಗೆಗೆ ಗೊತ್ತಾಗುವುದು ಅವಳಿಗೆ ಸಾವಿನ ಸಮ. ಆದರೂ ಹೆಡ್‌ಮಾಸ್ಟರ ಮಾತಿಗೆ ಸಪ್ಪೆ ಸಾರು ಮಾಡಿ, ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಕ್ಯಾಪ್ಟನ್ನನ ಕೈಯಲ್ಲಿ ರೆಫರಿಯ ಊಟ. ಇಂಥ ಅವಕಾಶವನ್ನು ಬಿಡುವವನಾಗಿದ್ದರೆ ನಾನು ಇಂದು ಈ ಪ್ರಬಂಧವನ್ನೇ ಬರೆಯುತ್ತಿರಲಿಲ್ಲ.

ಮೊದಲ ದಿನ ಮಾವಿನ ಉಪ್ಪಿನಕಾಯಿಯನ್ನು ಮುದ್ದೆಯ ಕೆಳಗೆ ಬಚ್ಚಿಟ್ಟೆ. ಅವರು ಮುದ್ದೆಯನ್ನು ಮೆಲ್ಲಗೆ ಎತ್ತಿ, ಕೆಳಗೆ ನೋಡಿ, ಉಪ್ಪಿನಕಾಯಿಯನ್ನು ನನ್ನ ಅಂಗೈಗೇ ಇಟ್ಟರು. ಮರುದಿನ ಉಪ್ಪುನೀರಿನಲ್ಲಿ ನೆನೆಸಿ ಹುರಿದ ಕಡಲೆಕಾಯಿಯನ್ನು ನಿಮ್ಮ ಶಿರಾ ಸಂತೆಯದೇ ಎಂದು ಆಸೆ ತೋರಿಸಿ ಮುಂದಿಟ್ಟೆ. ಮೂಸಿ ನೋಡಿ ನಕ್ಕರು. ಮಜ್ಜಿಗೆಗೂ ಅದೇ ಗತಿ. ಕೊನೆಗೆ ಹಪ್ಪಳ ತಂದಾಗ ಮಾತ್ರ ತಲೆಯಾಡಿಸಿದರು. “ಬೇಟಾ, ನಾಳೆ ಉಪ್ಪಿನ ಮೂಟೇನೇ ಹೊತ್ಕೊಂಡು ಬಾ. ನಿನ್ಗೂ ಸುತ್ತುಬಳಸು ತಪ್ಪುತ್ತೆ” ಎಂದರು. ನನ್ನ ಕುಚೇಷ್ಟೆಗಳ ಇತಿಹಾಸದಲ್ಲಿ ಅಷ್ಟು ಚೆನ್ನಾಗಿ ಸೋತದ್ದು ಅದೇ ಮೊದಲು. ಅಂದಿನಿಂದಲೇ ನನಗೆ ಆ ಮನುಷ್ಯನನ್ನು ಕಂಡರೆ ಇಷ್ಟವಾಯಿತು, ಆದರೆ ಕಪ್ಪಿನಷ್ಟಲ್ಲ.

ಈ ನಡುವೆ ನಾವೂ ಪಾವಗಡದವರೂ ಫೈನಲ್ಲಿಗೆ ಬಂದಿದ್ದೆವು. ಅಜ್ಜಿಗೆ ಫೈನಲ್ಲಿನ ಚಿಂತೆಯಿಲ್ಲ. ಪಾತ್ರೆಯಲ್ಲಿ ದಿನವೂ ಅರ್ಧ ಸಾರು ಹಾಗೇ ವಾಪಸು ಬರುತ್ತಿತ್ತಲ್ಲ, ಅದು ಅವಳನ್ನು ತಿನ್ನುತ್ತಿತ್ತು. ಪರಸ್ಥಳದ ಹುಡುಗ, ಬಿಸಿಲಲ್ಲಿ ಓಡುತ್ತಾನೆ, ಅರೆಹೊಟ್ಟೆ ಉಣ್ಣುತ್ತಾನೆ ಎಂದು ಒಂದೇ ಸಮನೆ ಗೊಣಗಿದಳು. ಫೈನಲ್ಲಿನ ದಿನ ಹುರುಳಿಕಾಳಿನ ಬಸ್ಸಾರು ಮಾಡಿ, ಬುತ್ತಿಯನ್ನು ನನ್ನ ಕೈಗೆ ಕೊಡದೆ ತಾನೇ ಹೊತ್ತು ಶಾಲೆಗೆ ಬಂದಳು. ಬೇರೆ ಜಾತಿಯವರನ್ನು ಒಳಗೆ ಕರೆದು ಬಡಿಸುವಷ್ಟು ಉದಾರಿಗಳು ನಮ್ಮ ಮನೆಯಲ್ಲಿ ಆಗ ಯಾರೂ ಇರಲಿಲ್ಲ. ಶಾಲೆಯ ಜಗಲಿ ಮಾತ್ರ ಎಲ್ಲರದೂ. ಅಲ್ಲೇ ಎಲೆ ಹಾಕಿ ಬಡಿಸಿದಳು. ನಾನು ಕಂಬದ ಮರೆಯಲ್ಲಿದ್ದೆ.

ಮೇಷ್ಟ್ರು ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟವರು ಅಲ್ಲಿಗೇ ತಡೆದರು. ಕೆನ್ನೆಯಲ್ಲಿ ತುತ್ತು ಇದೆ, ದವಡೆ ಅಲ್ಲಾಡುತ್ತಿಲ್ಲ. ಅಜ್ಜಿ ಆ ಕಡೆ ತಿರುಗಿ, ಇಲ್ಲದ ನೊಣವನ್ನು ಸೆರಗಿನಿಂದ ಓಡಿಸುತ್ತಿದ್ದಾಳೆ. ನನಗೆ ತಕ್ಷಣ ಹೊಳೆಯಿತು: ಮುದುಕಿ ಉಪ್ಪು ಹಾಕಿದ್ದಾಳೆ. ಉಗುಳಿದರೆ ಬಡಿಸಿದ ಕೈಗೆ ಅವಮಾನ. ನುಂಗಿದರೆ ನಾಲ್ಕು ಊರಿಗೆ ಕೊಟ್ಟ ಮಾತು ಹೋಯಿತು. ಅವರು ಅಜ್ಜಿಯ ಬೆನ್ನನ್ನು ನೋಡಿದರು. ಆಮೇಲೆ ನುಂಗಿದರು.

“ಅಮ್ಮಾ, ಇನ್ನೊಂದು ಸ್ವಲ್ಪ ಸಾರು ಹಾಕಿ” ಎಂದರು.

ಅಂದು ಪಾತ್ರೆ ಬರಿದಾಗಿ ಮನೆಗೆ ಹೋಯಿತು. ನಾನು ಹಾರುತ್ತಾ ಹೋಗಿ ನನ್ನ ತಂಡದ ಕಿವಿಯಲ್ಲಿ ಹೇಳಿದೆ, ಕಪ್ಪಿಗೆ ಜಾಗ ಮಾಡ್ರಲಾ ಎಂದು.

ಪಾವಗಡದವರು ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ಬಂದವರು, ಆದರೆ ಆಟದಲ್ಲಿ ಬೆಂಕಿ. ಅವರ ಕ್ಯಾಪ್ಟನ್ ಓಬಳರೆಡ್ಡಿ ನನ್ನನ್ನು ನೆರಳಿನಂತೆ ಹಿಡಿದಿದ್ದ. ಕೊನೆಯ ಗಳಿಗೆಯವರೆಗೂ ಸಮ ಸಮ. ಆಗ ಚೆಂಡು ಬದಿಯ ಗೆರೆಯ ಹತ್ತಿರ ನನ್ನ ಕೈಗೆ ಬಂತು. ಗೆರೆಯ ಅಂಚಿನಲ್ಲೇ ಓಡಿ, ಓಬಳರೆಡ್ಡಿಯ ತಲೆಯ ಮೇಲಿಂದ ಎಸೆದೆ. ಆ ಎಸೆತದ ಸೊಗಸನ್ನು ವರ್ಣಿಸಲು ಹೊರಟರೆ ನನ್ನ ಹೆಂಡತಿ ಪೆನ್ನು ಕಿತ್ತುಕೊಳ್ಳುತ್ತಾಳೆ. ಚೆಂಡು ಉಂಗುರಕ್ಕೂ ತಾಗದೆ ಒಳಗಿಳಿಯಿತು. ಮಧುಗಿರಿಯೆಲ್ಲ ಎದ್ದು ಕುಣಿಯಿತು. ಸೀಟಿ ಕೇಳಿಸಿತು.

ಇಮಾಂ ಮೇಷ್ಟ್ರು ನನ್ನ ಪಾದದ ಕಡೆ ಬೆರಳು ತೋರಿಸುತ್ತಿದ್ದರು. ಎಸೆಯುವ ಮೊದಲು ಕಾಲು ಗೆರೆ ಮುಟ್ಟಿದೆ, ಬ್ಯಾಸ್ಕೆಟ್ ಇಲ್ಲ, ಚೆಂಡು ಪಾವಗಡಕ್ಕೆ.

ಸುತ್ತ ನಿಂತಿದ್ದ ಜನವೆಲ್ಲ ಗೆರೆಗಳನ್ನು ಅಳಿಸಿಕೊಂಡು ಒಳಗೆ ನುಗ್ಗಿತು. ಎಲ್ಲರೂ ಮೇಷ್ಟ್ರನ್ನು ಮುತ್ತಿಕೊಂಡರು. ನನ್ನ ತಲೆಗೆ ರಕ್ತವೇರಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದೆ: “ನಮ್ಮಜ್ಜಿ ಕೈಯಾಗೆ ಉಪ್ಪಾಕಿದ ಸಾರು ಉಂಡ್ಬುಟ್ಟು ನಮ್ ಮೇಲೇ ಊದ್ತೀರಾ ಸಾರ್?”

ಗದ್ದಲ ನಿಂತಿತು. ನಿಂತ ಮೇಲೇ ನನಗೆ ಗೊತ್ತಾದದ್ದು, ಆಡಿದ್ದೇನೆಂದು. ಪಾವಗಡದ ಕಡೆಯಿಂದ ‘ಉಪ್ಪು ತಿಂದ್ರಂತೆ’ ಎಂಬ ಪಿಸುಮಾತು ಹರಿದಾಡಿತು. ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಅವರು ಇಲ್ಲವೆಂದಿದ್ದರೆ ಮುಗಿದಿತ್ತು. ಜಗಲಿಯ ಮೇಲೆ ನೋಡಿದವನು ನಾನೊಬ್ಬನೇ, ನನ್ನ ಮಾತನ್ನು ನಂಬುವ ಅಭ್ಯಾಸ ಊರಿನಲ್ಲಿ ಯಾರಿಗೂ ಇರಲಿಲ್ಲ.

“ಹೌದು, ತಿಂದಿದೀನಿ” ಎಂದರು. “ಕಾಲು ಗೆರೆ ಮೇಲಿತ್ತು. ಅದೂ ನಿಜ, ಇದೂ ನಿಜ.” ಕೊರಳಿಂದ ಸೀಟಿ ತೆಗೆದು, ಮಾತು ತಪ್ಪಿದವನು ತಾನು, ಉಳಿದ ಆಟಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ನಮ್ಮಿಬ್ಬರು ಕ್ಯಾಪ್ಟನ್ನರ ಮುಂದೆ ಹಿಡಿದರು. ನನಗೆ ತೆಗೆದುಕೊಳ್ಳಲಾಗಲಿಲ್ಲ. ಓಬಳರೆಡ್ಡಿ ತೆಗೆದುಕೊಂಡ. ಅದನ್ನು ತನ್ನ ಬನಿಯನ್ನಿಗೆ ಒರೆಸಿ, ಮೇಷ್ಟ್ರ ಕೊರಳಿಗೇ ಮತ್ತೆ ಹಾಕಿದ. ಅವನಿಗೆ ಕನ್ನಡ ಅರ್ಧ ದಾರಿಗೆ ತೆಲುಗಾಗುತ್ತಿತ್ತು.

“ಉಪ್ಪು ತಿಂದೂ ಅವುರ್ ಮೇಲೇ ಊದಿದಾರೆ. ಇಂಕೇಮಿ ಕಾವಾಲಪ್ಪಾ? ಈ ಸಾರೇ ಊದ್ಲಿ” ಎಂದ. ಇನ್ನೇನು ಬೇಕಪ್ಪಾ ಎಂದು ಅವನು ಕೇಳಿದ್ದು ತೆಲುಗು ಬಾರದವರಿಗೂ ತಿಳಿಯಿತು. ಜನ ಅಂಗಳದಾಚೆ ಸರಿದರು. ಆಟ ಮುಂದುವರಿದು ಪಾವಗಡ ಗೆದ್ದಿತು.

ಸಂಜೆ ಮೇಷ್ಟ್ರು ನಮ್ಮ ಮನೆ ಬಾಗಿಲಿಗೆ ಬಂದರು. ಜಗಳಕ್ಕೆ ಬಂದರೆಂದು ನಾನು ಅಟ್ಟ ಹತ್ತಿದೆ. ಅವರ ದನಿಯಲ್ಲಿ ಕೋಪವಿರಲಿಲ್ಲ, ಬೇಸರವಿತ್ತು. “ನಾಲ್ಕು ಊರಿನ ಮುಂದೆ ನನ್ನ ಮಾತು ಹೋಯ್ತಲ್ಲಮ್ಮ. ಯಾಕೆ ಹಾಕಿದ್ರಿ?”

“ಉಪ್ಪು ತಿಂದ್ರೆ ವಾಲೋನಲ್ಲ ನೀನು ಅಂತ ನಿನ್ನ ಮಕ ನೋಡಿದ್ರೇ ಗೊತ್ತಾಯ್ತದೆ ಕಣಪ್ಪ. ನಿಂಗೇ ಗೊತ್ತಿರ್ನಿಲ್ಲ” ಎಂದಳು ಅಜ್ಜಿ. ಆಮೇಲೆ, ಅಪ್ಪ ಹುಬ್ಬು ಗಂಟಿಕ್ಕಿದ್ದನ್ನು ಕಂಡೂ ಕಾಣದವಳಂತೆ, ಅವರನ್ನು ಒಳಗೆ ಕರೆದು ಪಡಸಾಲೆಯಲ್ಲಿ ಚಾಪೆ ಹಾಸಿದಳು. ಮೇಲಿಂದ ಇಣುಕಿದೆ. ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು, ಕಣ್ಣೊರೆಸಿಕೊಂಡರೆಂದು ಕಂಡಿತು. ಹೊಗೆ ಇದ್ದಿರಬಹುದು.

ಮೇಷ್ಟ್ರು ಹೋದ ಮೇಲೆ ನನಗೂ ನನ್ನ ಪಾಲು ಸಿಕ್ಕಿತು. ಮನೆಗೆ ಬಂದವರು ಏನು ಉಂಡರೆಂದು ಬೀದಿಯಲ್ಲಿ ಸಾರುತ್ತೀಯಾ ಎಂದು ಅಜ್ಜಿ ಸೌದೆಕಡ್ಡಿ ಹಿಡಿದು ಕಾದಿದ್ದಳು. ಅವಳಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ, ನಾನು ಬಾಯಿ ಬಿಡದಿದ್ದರೆ ಆ ಮೇಷ್ಟ್ರ ನಿಯತ್ತು ಯಾರಿಗೂ ತಿಳಿಯದೆ ಅವರ ಹೊಟ್ಟೆಯಲ್ಲೇ ಕರಗಿಹೋಗುತ್ತಿತ್ತೆಂದು. ಮುಂದಿನ ವರ್ಷಗಳಲ್ಲಿ ನಾಲ್ಕು ತಾಲ್ಲೂಕಿನವರೂ ಇಮಾಂ ಮೇಷ್ಟ್ರೇ ಬೇಕೆಂದು ಹಟ ಹಿಡಿದರು. ಎರಡೂ ಪಕ್ಷದವರು ಊಟ ಕಳಿಸುತ್ತಿದ್ದರು, ಅವರು ಎರಡನ್ನೂ ಉಣ್ಣುತ್ತಿದ್ದರು. ಮೈ ಬಂತು, ಓಟ ತಗ್ಗಿತು, ಅಂಗಳದ ನಡುವೆ ನಿಂತಲ್ಲಿಂದಲೇ ಊದತೊಡಗಿದರು. ಯಾರೂ ತಕರಾರು ಮಾಡಲಿಲ್ಲ. ಈ ಕೀರ್ತಿಯಲ್ಲಿ ನನ್ನದೂ ಒಂದು ಪಾಲಿದೆ. ಯಾರೂ ಒಪ್ಪದ ಕಾರಣ ನಾನೇ ತೆಗೆದುಕೊಂಡಿದ್ದೇನೆ.

ಅದಿರಲಿ, ಕಾಲು ಗೆರೆ ಮುಟ್ಟಿತ್ತೋ ಇಲ್ಲವೋ ಎಂದು ನೀವು ಕೇಳುತ್ತೀರಿ.

ಮುಟ್ಟಿರಲಿಲ್ಲ. ಸೀಟಿ ಕೇಳಿದ ಕೂಡಲೇ ಕಾಲು ಎತ್ತಿ ನೋಡಿಕೊಂಡಿದ್ದೆ. ಅಂಗಾಲಿನಲ್ಲಿ ಕೆಮ್ಮಣ್ಣು ಬಿಟ್ಟರೆ ಸುಣ್ಣದ ಸುಳಿವಿರಲಿಲ್ಲ. ಜನ ಗೆರೆ ಅಳಿಸಿದ ಮೇಲೆ ಯಾರಿಗೆ ಏನನ್ನು ತೋರಿಸಲಿ? ಆ ಗಳಿಗೆಯಲ್ಲಿ ಮೇಷ್ಟ್ರಿಗೆ ಹೊಟ್ಟೆಯೊಳಗಿನ ಉಪ್ಪು ನೆನಪಾಗಿರಬೇಕು. ನಮ್ಮ ಕಡೆ ವಾಲಿಬಿಟ್ಟೇನೆಂಬ ಭಯಕ್ಕೆ ಆಚೆ ಕಡೆ ಒಂದು ಕೂದಲೆಳೆಯಷ್ಟು ವಾಲಿದರು. ಅಟ್ಟದಿಂದ ಇಳಿದಾಗ ಇದನ್ನು ಹೇಳಲೆಂದೇ ಇಳಿದೆ. ಕೆಳಗೆ ಅವರು ಅಜ್ಜಿ ಕೊಟ್ಟ ಮಜ್ಜಿಗೆ ಕುಡಿಯುತ್ತಾ, ಶಿರಾದಲ್ಲಿರುವ ತಮ್ಮ ತಾಯಿಯ ಮಂಡಿನೋವಿನ ಬಗ್ಗೆ ಅವಳ ಹತ್ತಿರ ಹೇಳಿಕೊಳ್ಳುತ್ತಿದ್ದರು. ಅಜ್ಜಿ ಹರಳೆಣ್ಣೆಯ ಮದ್ದು ಹೇಳುತ್ತಿದ್ದಳು. ನಾನು ಬಾಯಿಗೆ ಬಂದದ್ದನ್ನು ಒಳಗೇ ಇಟ್ಟುಕೊಂಡು, ನನ್ನ ಪಾಲಿನ ಮಜ್ಜಿಗೆ ಕೇಳಿ ಕುಡಿದೆ. ಕಪ್ಪು ಅದಾಗಲೇ ಪಾವಗಡದ ದಾರಿ ಹಿಡಿದಿತ್ತು. ಹೋಗಲಿ, ಅವರೂ ಚೆನ್ನಾಗಿಯೇ ಆಡಿದ್ದರು.