ಅಮ್ಮ ಬಿಟ್ಟ ಸಕ್ಕರೆ

ನಮ್ಮಪ್ಪ ಬಂಗಾರದಂಥ ಮನುಷ್ಯ ಎಂದು ರಾಜಾಜಿನಗರದ ನಮ್ಮ ವಠಾರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಆಸ್ಪತ್ರೆಯ ಓಡಾಟದವರೆಗೆ ಎಲ್ಲದಕ್ಕೂ ಅವರೇ ಬೇಕು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದು ಹೋಗಿರಬೇಕು. ನನಗಂತೂ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ, ನಾನು ಪ್ರೈಮರಿ ಶಾಲೆಯಲ್ಲಿದ್ದಾಗ, ನನ್ನ ತಮ್ಮನಿಗೆ ಮೆದುಳು ಜ್ವರ ಬಂತು. ಇನ್ನೂ ಮಾತು ಕಲಿಯುತ್ತಿದ್ದ ಮಗು. ಏನು ತಿನ್ನಿಸಿದರೂ ಕಕ್ಕುತ್ತಿದ್ದ. ನಿತ್ರಾಣವಾಗಬಾರದೆಂದು ಅಮ್ಮ ಗ್ಲೂಕೋಸ್ ಪುಡಿ ಕದಡಿ ಚಮಚದಲ್ಲಿ ಕುಡಿಸಿದಳು; ಆಗ ಎಲ್ಲರ ಮನೆಯಲ್ಲೂ ಮಾಡುತ್ತಿದ್ದುದು ಅದನ್ನೇ. ಫಿಟ್ಸ್ ಬಂದ ಮೇಲೆ ಆಸ್ಪತ್ರೆಗೆ ಒಯ್ದೆವು. ರಕ್ತ ಪರೀಕ್ಷೆ ಮಾಡಿದವರು ಸಕ್ಕರೆ ವಿಪರೀತ ಏರಿದೆ ಅಂದರು. ಅಪ್ಪ ವಾರ್ಡಿನ ಬಾಗಿಲಲ್ಲೇ ಅಮ್ಮನ ಮೇಲೆ ಹರಿಹಾಯ್ದರು.

"ನಿನ್ನ ಗ್ಲೂಕೋಸ್ ನೀರಿಂದಾನೇ ಕಣೇ ಇದೆಲ್ಲ. ಕೈಯಾರೆ ಮಗೂನ ಜೀವ ತೆಗೀತಾ ಇದೀಯ."

ಮರುದಿನ ತಮ್ಮ ಹೋಗಿಬಿಟ್ಟ.

ಅಂದಿನಿಂದ ಅಮ್ಮ ಸಕ್ಕರೆ ಬಿಟ್ಟಳು. ಕಾಫಿಯನ್ನು ಕಹಿಯಾಗಿಯೇ ಕುಡಿಯುತ್ತಿದ್ದಳು. ಯುಗಾದಿಯಂದು ನಮಗೆಲ್ಲ ಬೇವು ಬೆಲ್ಲ ಕೊಟ್ಟು, ತಾನು ಬೇವಿನ ಎಸಳು ಮಾತ್ರ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ವಠಾರದ ಯಾವ ಮಗುವಿಗೂ ತನ್ನ ಕೈಯಿಂದ ಒಂದು ಪೆಪ್ಪರಮೆಂಟು ಕೊಡುತ್ತಿರಲಿಲ್ಲ. ಅಪ್ಪ ಇದನ್ನೆಲ್ಲ ನೋಡುತ್ತಲೇ, ತಮ್ಮ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡು ಪೇಪರ್ ಓದುತ್ತಿದ್ದರು.

ನಾನು ಕಾಲೇಜು ಸೇರಿದ ವರ್ಷ ಪಕ್ಕದ ಮನೆಯಾಕೆಯ ಮಗಳಿಗೂ ಜ್ವರ ತಲೆಗೇರಿ ಆಸ್ಪತ್ರೆಗೆ ಸೇರಿಸಿದರು. ಆ ಹುಡುಗಿ ಮುಂದೆ ಉಳಿದುಕೊಂಡಳು, ಆದರೆ ಅವತ್ತು ಯಾರಿಗೂ ನಂಬಿಕೆ ಇರಲಿಲ್ಲ. ಅವಳ ರಕ್ತದಲ್ಲೂ ಸಕ್ಕರೆ ಏರಿತ್ತು. ಆಸ್ಪತ್ರೆಗೆ ಬಟ್ಟೆ ಒಯ್ಯಲು ಮನೆಗೆ ಬಂದ ಅವಳ ತಾಯಿ ನಮ್ಮ ನಡುಮನೆಯಲ್ಲಿ ಕುಸಿದು ಕೂತಳು.

"ಸಕ್ಕರೆ ನೀರು ಕುಡಿಸ್ಬಿಟ್ಟೆ ಸಾರ್. ನನ್ನಿಂದಾನೇ ಹೀಗಾಯ್ತು."

"ಛೆ, ಹಾಗೆಲ್ಲ ಅನ್ಕೋಬೇಡಿ," ಅಂದರು ಅಪ್ಪ, ನಾವು ಮನೆಯಲ್ಲಿ ಎಂದೂ ಕೇಳದ ಮೆತ್ತನೆಯ ದನಿಯಲ್ಲಿ. "ಮೈ ಕಾಯಿಲೆ ಜೊತೆ ಗುದ್ದಾಡುವಾಗ ಸಕ್ಕರೆ ತಾನಾಗೇ ಏರುತ್ತೆ. ಕಾಯಿಲೆ ಜೋರಾಗಿದೆ ಅನ್ನೋದಕ್ಕೆ ಗುರುತು ಅದು. ನೀವು ಕುಡಿಸಿದ ನೀರಿಂದಲ್ಲ. ನಮ್ಮ ಮಗು ಹೋದ ದಿನ ಡಾಕ್ಟ್ರು ನನ್ನ ಕೂರಿಸ್ಕೊಂಡು ಹೇಳಿದ್ರು."

ಅಮ್ಮ ಆಕೆಗೆಂದು ಕಾಫಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಲೋಟ ಕೊಟ್ಟು, ಕುಡಿಯುವವರೆಗೆ ಕಾದು, ಆಕೆಯನ್ನು ಗೇಟಿನವರೆಗೆ ಕಳಿಸಿ ಬಂದಳು. ಆಮೇಲೆ ಅಪ್ಪನ ಎದುರು ನಿಂತಳು.

"ಇದು ನಿಮಗೆ ಆಗ್ಲೇ ಗೊತ್ತಿತ್ತಾ?"

ಅಪ್ಪ ನೆಲ ನೋಡಿದರು. "ಅವತ್ತು ನಂಗೂ ತಡ್ಕೊಳಕ್ಕಾಗ್ಲಿಲ್ಲ ಕಣೇ. ಯಾರನ್ನಾದ್ರೂ ಬೈಬೇಕಿತ್ತು, ಬೈದೆ."

"ಸರಿ, ಅವತ್ತು ಬೈದ್ರಿ. ಆಮೇಲೆ?"

ಅಪ್ಪ ಪೇಪರ್ ಕೈಗೆತ್ತಿಕೊಂಡರು. ಅಮ್ಮ ಖಾಲಿ ಲೋಟ ಹಿಡಿದುಕೊಂಡು ಉತ್ತರಕ್ಕಾಗಿ ಕಾಯುತ್ತಾ ಅಲ್ಲೇ ನಿಂತಿದ್ದಳು.